ನಳಿಗೆಯೊಳಗಣ ಮಸಿ

ಕಡರನಾಯಕನಹಳ್ಳಿಯೇ ಮೊದಲಾದ ಗ್ರಾಮಗಳನ್ನೊಳಗೊಂಡ ಹರಿಹರದ ಸೀಮೆಯು ಮೈಸೂರು ಸಂಸ್ಥಾನದ ಉತ್ತರದ ಗಡಿಯಾಗಿದ್ದ ಕಾಲದಲ್ಲಿ, ಹರಿಹರದ ಊರಿಗೆ ಎರಡು ಮೈಲಿಗಳ ದೂರದಲ್ಲಿ ಆಂಗ್ಲರ ದಂಡಿನ ಬೀಡೊಂದಿದ್ದಿತು. 1865ನೆಯ ಇಸವಿಯವರೆಗೂ ದೇಶೀಯ ಸಿಪಾಯಿಗಳ ಪಟಾಲಮೊಂದು ಅಲ್ಲಿ ನೆಲಸಿದ್ದಿತು. ಆ ಕಾಲದ ಸಿಪಾಯಿಗೆ ಗುಂಡು ಹಾರಿಸುವುದು ಎಂದೋ ಒಮ್ಮೆ ಬರುವ ಕೆಲಸ. ಹಾರಿಸಿದ ಕೋವಿಯ ನಳಿಗೆಯನ್ನು ತೊಳೆದು, ಒರಸಿ, ಎಣ್ಣೆ ಸವರುವುದು ತಪ್ಪದೆ ಮಾಡಬೇಕಾದ ಕೆಲಸ. ಚರಿತ್ರೆಕಾರರು ಕಾಳಗಗಳ ಗೆಲವು ಸೋಲುಗಳನ್ನು ವಿಸ್ತರಿಸಿ ಬರೆದಿರುವರಲ್ಲದೆ, ಈ ಒರಸುವ ಚಿಂದಿಬಟ್ಟೆಯ ಕಡೆಗೆ ಕಣ್ಣೆತ್ತಿ ನೋಡಿರುವುದು ವಿರಳ. ಆದರೂ ಕೋವಿಯ ರಚನೆಯನ್ನೂ, ಗುಂಡಿನ ಗಾತ್ರವನ್ನೂ, ಕಡೆಗೆ 1857ರ ಮಹಾಕ್ಷೋಭೆಯ ನಿಮಿತ್ತವೊಂದನ್ನೂ ನಿರ್ಧರಿಸಿದುದು ನಳಿಗೆಯೊಳಗೆ ಕೂಡುವ ಮಸಿಯೇ.

ಚಿತ್ರದುರ್ಗದ ಕೋಟೆಯನ್ನು ನೋಡಿದವರು ಅಲ್ಲಿಯ ಮದ್ದು ಬೀಸುವ ಕಲ್ಲುಗಳನ್ನು ಮರೆಯಲಾರರು. ಪೆಟ್ಲುಪ್ಪು, ಇದ್ದಿಲು, ಗಂಧಕ ಈ ಮೂರನ್ನು ಅರೆದು ಬೆರಸಿದರೆ ಕರಿಮದ್ದು. ನೂರು ಪಾಲಿನಲ್ಲಿ ಪೆಟ್ಲುಪ್ಪು ಸುಮಾರು 75, ಇದ್ದಿಲು 15, ಗಂಧಕ 10. ಇದು ಬಹುಕಾಲ ರೂಢಿಯಲ್ಲಿದ್ದ ಪ್ರಮಾಣ. ಈ ಮದ್ದು ಉರಿದಾಗ ಎಲ್ಲವೂ ಹೊಗೆಯಾಗಿ ಹೋಗುವುದೆಂದು ನೋಡುವವರು ಭಾವಿಸುವರು. ವಾಸ್ತವವು ಬೇರೆ. ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಅನಿಲವಾಗದೆ ಘನಪದಾರ್ಥವಾಗಿಯೇ ಉಳಿಯುತ್ತದೆ. ಅದರಲ್ಲಿ ಕೆಲವು ಪಾಲು ದಟ್ಟವಾದ ಬಿಳಿಯ ಹೊಗೆಯ ರೂಪದಲ್ಲಿ ಹೊರಬಿದ್ದು, ಮಿಕ್ಕುದು ನಳಿಗೆಯ ಒಳಮೈಗೆ ಅಂಟಿಕೊಳ್ಳುತ್ತದೆ. ಈ ಮಸಿಯಲ್ಲಿ ಬಹುಭಾಗವು ಕ್ಷಾರಗಳೇ ಆದುದರಿಂದ ಗಾಳಿಯ ತೇವವನ್ನು ಹೀರಿಕೊಳ್ಳುವುದು ಇದರ ಸ್ವಭಾವ. ಮಲೆನಾಡಿನ ಜಡಿಮಳೆಯಲ್ಲಿ ಅದು ಕೆಸರಿನಂತೆ ಮೆತ್ತಗಾಗುವುದು. ಬಯಲುಸೀಮೆಯ ಬಿರುಬೇಸಗೆಯಲ್ಲಿ ಕಾದ ನಳಿಗೆಯೊಳಗೆ ಸೀದ ಅನ್ನದ ತಳದಂತೆ ಗಟ್ಟಿಕಟ್ಟುವುದು. ಹಾಗೆಯೇ ಬಿಟ್ಟರೆ ಹೀರಿದ ತೇವದಿಂದ ಉಕ್ಕು ಬೇಗನೆ ತುಕ್ಕು ಹಿಡಿಯುವುದು. ಇದಕ್ಕೆ ಮದ್ದೆಂದರೆ ನೀರೇ. ನೀರಿನಲ್ಲಿ ಈ ಕ್ಷಾರಗಳು ಸುಲಭವಾಗಿ ಕರಗುವುವು. ಬಿಸಿನೀರಾದರೆ ನಳಿಗೆಯೂ ಕಾದು, ತನ್ನ ಕಾವಿನಿಂದ ತಾನೇ ಬೇಗ ಒಣಗುವುದು.

ಬಾಯಿಯಿಂದ ಮದ್ದುಗುಂಡುಗಳನ್ನು ತುಂಬುವ ಹಳೆಯ ಕೋವಿಗಳಲ್ಲಿ ಈ ತೊಂದರೆಗೆ ಕಂಡುಕೊಂಡ ಉಪಾಯವು ಬಹು ಸರಳವಾದುದು: ಗುಂಡನ್ನೇ ಸಡಿಲವಾಗಿ ಎರಕಹೊಯ್ಯುವುದು. ಆಂಗ್ಲರ ಚಕಮಕಿ ಕೋವಿಯ ನಳಿಗೆಯ ವ್ಯಾಸವು ಮುಕ್ಕಾಲು ಅಂಗುಲ. ಗುಂಡಿನದು ಸುಮಾರು 0.69 ಅಂಗುಲ. ಅಂಗುಲದ ನೂರು ಪಾಲಿನಲ್ಲಿ ಆರು ಪಾಲಿನ ಈ ತೆರಪಿನಲ್ಲಿ ಮಸಿ ಎಷ್ಟು ಕೂಡಿದರೂ ಕೆಲವು ಸುತ್ತುಗಳವರೆಗೆ ಗುಂಡು ಒಳಕ್ಕಿಳಿಯುತ್ತಿದ್ದಿತು. ಪಳಗಿದ ಸಿಪಾಯಿ ನಿಮಿಷಕ್ಕೆ ಮೂರು ಬಾರಿ ಹಾರಿಸಬಲ್ಲವನಾಗಿದ್ದನು. ಆದರೆ ಸಡಿಲವಾದ ಗುಂಡು ನಳಿಗೆಯಲ್ಲಿ ಅತ್ತಿತ್ತ ತಾಕುತ್ತ ಹೊರಟು, ಕಡೆಯ ತಾಕು ಯಾವ ಕಡೆಗೋ ಆ ಕಡೆಗೇ ಹೋಗುವುದು. ನೂರು ಗಜಗಳಾಚೆ ಒಬ್ಬ ಮನುಷ್ಯನನ್ನು ಗುರಿಯಿಟ್ಟು ಹೊಡೆಯುವುದು ಅದೃಷ್ಟದ ಮಾತಾಗಿದ್ದಿತು.

ಗುರಿ ಬೇಕೆಂದರೆ ನಳಿಗೆಯೊಳಗೆ ಸುರುಳಿಗೆರೆಗಳನ್ನು ಕೊರೆಯಬೇಕು. ಗುಂಡು ಆ ಗೆರೆಗಳನ್ನು ಕಚ್ಚಿ ತಿರುಗುತ್ತ ಹೊರಡಬೇಕು. ಕಚ್ಚಬೇಕಾದರೆ ಗುಂಡು ಬಿಗಿಯಾಗಿರಬೇಕು. ಬಿಗಿಯಾದ ಗುಂಡಿಗೆ ಮಸಿಯು ಪರಮಶತ್ರು. 1800ರಲ್ಲಿ ಆಂಗ್ಲಸೈನ್ಯಕ್ಕೆ ಬಂದ ಬೇಕರ್ ರೈಫಲಿನ ಗುಂಡನ್ನು ಜಿಡ್ಡು ಸವರಿದ ತುಂಡಿನಲ್ಲಿ ಸುತ್ತಿ ಇಳಿಸುತ್ತಿದ್ದರು. ಮೊದಮೊದಲು ಅದನ್ನು ಬಡಿದು ಇಳಿಸಲು ಮರದ ಸಣ್ಣ ಸುತ್ತಿಗೆಯನ್ನೂ ಕೊಟ್ಟಿದ್ದರಂತೆ! ಶತ್ರು ಎದುರಿಗಿರುವಾಗ ಬಡಗಿಯ ಕೆಲಸ ಮಾಡುತ್ತ ಕುಳಿತ ಸಿಪಾಯಿಯ ಪಾಡನ್ನು ವಾಚಕರೇ ಊಹಿಸಬಹುದು.

ಆದುದರಿಂದ ಬೇಟೆಗಾರರೂ ಗುರಿಕಾರರೂ ಪ್ರತಿಯೊಂದು ಗುಂಡಿನ ತರುವಾಯ ನಳಿಗೆಯನ್ನು ಒರಸುವ ಪದ್ಧತಿಯನ್ನು ಹಿಡಿದರು. ಇದು ಸುಲಭವೆಂದು ತೋರುವುದಾದರೂ ಇದರಲ್ಲಿಯೂ ಹದವುಂಟು. ಒದ್ದೆ ಮಾಡಿ ಹಿಂಡಿದ ಅರಿವೆಯ ತುಂಡನ್ನು ಸಲಾಕೆಯ ತುದಿಗಿಟ್ಟು ಒಳಕ್ಕಿಳಿಸಿ, ಕೊಂಚ ತಡೆದು, ಮೇಲಕ್ಕೆಳೆಯಬೇಕು. ಅನಂತರ ಒಣ ಅರಿವೆಯೊಂದು. ತುಂಡು ತೀರ ಬಿಗಿಯಾಗಿದ್ದರೆ ಮಸಿಯನ್ನು ಹೊರಕ್ಕೆ ತರುವ ಬದಲು ತಳಕ್ಕೆ ನೂಕಿ, ಕಿಡಿ ತಾಕುವ ರಂಧ್ರವನ್ನೇ ಮುಚ್ಚಿಬಿಡುವುದು. ನೀರು ಹೆಚ್ಚಾದರೆ ತಳದಲ್ಲಿ ನಿಂತು ಮುಂದಿನ ಸುತ್ತಿನ ಮದ್ದನ್ನು ನೆನಸುವುದು. ಒಂದು ಸಲ ಒರಸಿ ಮತ್ತೊಂದು ಸಲ ಬಿಟ್ಟರಂತೂ ನಳಿಗೆಯ ಸ್ಥಿತಿ ಒಂದೇ ಸಮನಾಗಿರದೆ ಗುಂಡುಗಳು ಚೆದುರುವುವು. ಗುರಿಯ ಗುಟ್ಟು ನಳಿಗೆ ಚೊಕ್ಕಟವಾಗಿರುವುದರಲ್ಲಿ ಎಷ್ಟೋ, ಪ್ರತಿ ಸುತ್ತಿಗೂ ಒಂದೇ ತೆರನಾಗಿರುವುದರಲ್ಲಿಯೂ ಅಷ್ಟೇ. ಹಿಂಬದಿಯಿಂದ ತೋಟಾ ಸೇರಿಸುವ ಕೋವಿಗಳು ಬಂದ ಮೇಲೂ ಈ ಕಾಟ ತಪ್ಪಲಿಲ್ಲ. ಕೆಲವರು ನಳಿಗೆಯೊಳಕ್ಕೆ ಬಾಯಿಂದ ಉಸಿರನ್ನೂದಿ, ಆ ಉಸಿರಿನ ತೇವದಿಂದಲೇ ಮಸಿಯನ್ನು ಮೆತ್ತಗಿಡುತ್ತಿದ್ದರು.

ಆದರೆ ರಣರಂಗದಲ್ಲಿ ಒರಸುತ್ತ ನಿಲ್ಲಲು ಅವಕಾಶವೆಲ್ಲಿ? 1853ರ ಎನ್‌ಫೀಲ್ಡ್ ರೈಫಲಿನಲ್ಲಿ ಇದಕ್ಕೊಂದು ಪರಿಹಾರವನ್ನು ಅಳವಡಿಸಿದರು. ನಳಿಗೆ 0.577 ಅಂಗುಲ, ಗುಂಡು 0.568, ತೆರಪು ಅಂಗುಲದ ಸಾವಿರ ಪಾಲಿನಲ್ಲಿ ಒಂಬತ್ತು ಮಾತ್ರ. ಗುಂಡಿನ ಬುಡ ಟೊಳ್ಳು. ಮದ್ದು ಉರಿದಾಗ ಅದು ಅರಳಿ ಗೆರೆಗಳನ್ನು ಕಚ್ಚುವುದು. ಗುಂಡಿರುವ ಕಡೆ ತೋಟಾದ ಕಾಗದಕ್ಕೆ ಕೊಬ್ಬನ್ನೂ ಜೇನುಮೇಣವನ್ನೂ ಬೆರಸಿ ಸವರುತ್ತಿದ್ದರು. ಆ ಜಿಡ್ಡು ಮಸಿಯನ್ನು ಮೆತ್ತಗಿಟ್ಟು, ಪ್ರತಿ ಗುಂಡೂ ತನ್ನ ಹಿಂದಿನದರ ಮಸಿಯನ್ನು ತಾನೇ ಒರಸಿಕೊಂಡು ಹೋಗುವಂತೆ ಮಾಡುತ್ತಿದ್ದಿತು. ಯಂತ್ರಜ್ಞರ ದೃಷ್ಟಿಯಿಂದ ಬಹು ಜಾಣತನದ ಕೆಲಸ. ಆದರೆ ತೋಟಾವನ್ನು ಹಲ್ಲಿನಿಂದ ಕಚ್ಚಿ ಹರಿಯಬೇಕಾಗಿದ್ದಿತು. ಕೊಬ್ಬು ಯಾವ ಪ್ರಾಣಿಯದೆಂಬುದರ ಕಡೆಗೆ ಮಾತ್ರ ಅಧಿಕಾರಿಗಳು ಸಾಕಷ್ಟು ಗಮನ ಕೊಡಲಿಲ್ಲ. ಹಸುವಿನದೆಂದೂ ಹಂದಿಯದೆಂದೂ 1857ರ ಜನವರಿಯಲ್ಲಿ ಡಮ್‌ಡಮ್ಮಿನಲ್ಲಿ ಹಬ್ಬಿದ ಸುದ್ದಿಯು ಕಾಡುಕಿಚ್ಚಾಯಿತು. ಸಿಪಾಯಿಗಳು ತಮಗೆ ಒಪ್ಪುವ ಜಿಡ್ಡನ್ನು ತಾವೇ ಸವರಿಕೊಳ್ಳಬಹುದೆಂದೂ, ಕಚ್ಚದೆ ಕೈಯಿಂದ ಹರಿಯಬಹುದೆಂದೂ ಅಪ್ಪಣೆಗಳಾದರೂ ಹೋದ ನಂಬಿಕೆ ಮರಳಲಿಲ್ಲ. ಮೀರತ್ತಿನಲ್ಲಿ 85 ಮಂದಿ ಸವಾರರು ತೋಟಾಗಳನ್ನು ಮುಟ್ಟಲೊಲ್ಲದೆ ಬೇಡಿ ತೊಟ್ಟರು. ಮೇ 10ರಂದು ದಂಗೆಯೆದ್ದಿತು. ದಂಗೆಗೆ ಬೇರುಗಳು ಅನೇಕ, ಆಳವಾದವು. ಆದರೆ ಕಿಡಿ ಬಿದ್ದುದು ಈ ಜಿಡ್ಡಿನ ಮೇಲೆ. ವಿಚಿತ್ರವೇನೆಂದರೆ, ಆ ಜಿಡ್ಡು ಹಿಂದೂಸ್ಥಾನದ ಬೇಸಗೆಯನ್ನು ತಡೆಯಲಾರದೆ ಕರಗಿ ಕಾಗದದೊಳಕ್ಕೆ ಇಂಗಿ, ತನ್ನ ಕೆಲಸವನ್ನೂ ಸರಿಯಾಗಿ ಮಾಡಲಿಲ್ಲ. ತರುವಾಯ ಕೊಬ್ಬನ್ನು ಬಿಟ್ಟು ಬರಿಯ ಜೇನುಮೇಣವನ್ನು ಹಿಡಿದರು; ಗುಂಡನ್ನು 0.55 ಅಂಗುಲಕ್ಕೆ ಕುಗ್ಗಿಸಿದರು.

ಮೈಸೂರಿನ ದಂಡುಗಳು ಮದರಾಸು ಸೈನ್ಯಕ್ಕೆ ಸೇರಿದುವು. ಆ ಸೈನ್ಯವು ಬಹುಮಟ್ಟಿಗೆ ಶಾಂತವಾಗಿದ್ದಿತು. ಕಿಚ್ಚಿನ ಝಳ ಕನ್ನಡನಾಡನ್ನು ಮುಟ್ಟಿದುದು ಬೇರೊಂದು ದಾರಿಯಿಂದ. ದಂಗೆಗೆ ಬೆದರಿದ ಸರಕಾರವು ಅದೇ ವರ್ಷ ಪ್ರಜೆಗಳ ಆಯುಧಗಳನ್ನು ನಿರ್ಬಂಧಿಸುವ ಕಾಯಿದೆಯನ್ನು ತಂದಿತು. ಹೊಳೆಯಾಚೆ ಉತ್ತರಕ್ಕೆ, ಮುಧೋಳ ಸಂಸ್ಥಾನದ ಹಲಗಲಿಯ ಬೇಡರಿಗೆ ಆಯುಧವೆಂದರೆ ಅನ್ನ, ಮಾನ ಎರಡೂ. ಅವರಲ್ಲಿ ಯಾರೂ ಎನ್‌ಫೀಲ್ಡ್ ತೋಟಾವನ್ನು ಕಚ್ಚಬೇಕಾದವರಲ್ಲ. ಆದರೂ ಆಯುಧಗಳನ್ನೊಪ್ಪಿಸಲೊಲ್ಲದೆ ಜಡಗ, ಬಾಲ ಮೊದಲಾದವರು 1857ರ ನವೆಂಬರಿನಲ್ಲಿ ಎದುರುನಿಂತರು. ಸೈನ್ಯವು ಊರಿಗೆ ಬೆಂಕಿಯಿಕ್ಕಿತು. ಡಿಸೆಂಬರಿನಲ್ಲಿ 19 ಮಂದಿಯನ್ನು ಗಲ್ಲಿಗೇರಿಸಿದರು. ಇವರ ಕಥೆಯು ಲಾವಣಿಯಾಗಿ ಉಳಿದಿದೆ.

ಇದಕ್ಕೆ ಎದುರಾದ ಚಿತ್ರವು ಕೊಡಗಿನದು. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ನನು ಕೊಡಗರನ್ನು ಈ ನಿರ್ಬಂಧದಿಂದ ಬಿಡುಗಡೆಮಾಡಿದನು. ಅಲ್ಲಿ ಕೋವಿಯು ಮನೆಯೊಳಗೆ ದೇವರ ಬಳಿಯೇ ಉಳಿಯಿತು. ನಾಟಿಯ ಕೆಲಸ ಮುಗಿದು ಮಳೆ ತಗ್ಗುವ ಸೆಪ್ಟೆಂಬರಿನ ಮೊದಲಲ್ಲಿ ಕೈಲ್ ಮುಹೂರ್ತದ ಹಬ್ಬ ಬರುತ್ತದೆ. 1884ರಲ್ಲಿ ಫ್ರಾನ್ಸಿನ ವಿಯೆಯ್ ಎಂಬಾತನು ಹೊಗೆಯಿಲ್ಲದ ಮದ್ದನ್ನು ಕಂಡುಹಿಡಿದ ಮೇಲೆ ಲೋಕದ ಸೈನ್ಯಗಳೆಲ್ಲ ಕರಿಮದ್ದನ್ನೂ ಅದರ ಮಸಿಯನ್ನೂ ಕೈಬಿಟ್ಟುವು. ಕೊಡಗಿನ ಮನೆಗಳಲ್ಲಿಯಾದರೋ ಆ ಹಬ್ಬದ ದಿನ ಇಂದಿಗೂ ಕೋವಿಗಳನ್ನು ಹೊರತೆಗೆದು, ಒರಸಿ ಬೆಳಗಿ, ಸಾಲಾಗಿ ನಿಲ್ಲಿಸಿ, ನಳಿಗೆಯ ಬಾಯಿಗೆ ತೋಕ್‌ಪೂವನ್ನು ಸಿಕ್ಕಿಸುತ್ತಾರೆ.