80ನೇ ಬಾಗಿಲಿಗೆ ಇಬ್ಬರು ಹಕ್ಕುದಾರರು

ಬಂಟ್ವಾಳ ತಾಲ್ಲೂಕಿನ ಬೆಂಜನಪದವಿನಲ್ಲಿ 2001ರಲ್ಲಿ ಕೆನರಾ ಎಂಜಿನಿಯರಿಂಗ್ ಕಾಲೇಜು ಶುರುವಾಯಿತು. 2007ರಲ್ಲಿ ಬೆಳ್ತಂಗಡಿ ತಾಲ್ಲೂಕಿನ ಉಜಿರೆಯಲ್ಲಿ ಎಸ್‌ಡಿಎಂ, ಮರುವರ್ಷ ಮೂಡುಬಿದಿರೆ ಬಳಿಯ ಮಿಜಾರಿನಲ್ಲಿ ಆಳ್ವಾಸ್ ತಾಂತ್ರಿಕ ಕಾಲೇಜುಗಳು ತೆರೆದವು. ಪ್ರಾಜೆಕ್ಟಿಗೆಂದು ಕೊಂಡ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಅಡಿಕೆ ತೋಟದ ನಡುವಿನ ಮನೆಯಲ್ಲೂ ರೂಟರಿನ ಪಕ್ಕ ಜಾಗ ಹಿಡಿಯಬಹುದಾದ ಕಾಲ ಹೀಗೆ ಬಂತು. ಅದರಲ್ಲಿ ಅಪಾಚೆ ಎಂಬ ವೆಬ್ ಸರ್ವರ್ ಹಾಕಿ ಸಣ್ಣ ವೆಬ್‌ಸೈಟ್ ನಡೆಸುವ ಹುಡುಗಿಗೆ, ಮನೆಮಂದಿಯ ಫೋನುಗಳಿಗೆ ನುಗ್ಗುವ ಜಾಹೀರಾತನ್ನೂ ಅದರಿಂದಲೇ ತಡೆಯೋಣ ಅನ್ನಿಸುವುದು ಸಹಜ. ಆದರೆ ಅದಕ್ಕಾಗಿ ಪೈ-ಹೋಲ್ ಎಂಬ ತಂತ್ರಾಂಶ ಹಾಕಹೊರಟವರಿಗೆ ಬಹುಕಾಲ ಒಂದು ತಕರಾರು ಎದುರಾಗುತ್ತಿತ್ತು: 80ನೇ ಪೋರ್ಟ್ ಆಗಲೇ ಅಪಾಚೆಯ ವಶದಲ್ಲಿದೆ.

ಇದು ಪೈ-ಹೋಲ್‌ಗಿಂತ ಹಳೆಯ ತಕರಾರು. ಅದರ ಬೇರು ಒಂದು ಹಳೆಯ ಕಡತದಲ್ಲಿದೆ.

ಇಂಟರ್‌ನೆಟ್‌ಗೆ ಮೊದಲಿನ ಅರ್ಪಾನೆಟ್‌ನಲ್ಲಿ ಎಲ್ಲ ಕಂಪ್ಯೂಟರುಗಳ ಹೆಸರು, ವಿಳಾಸ ಒಂದೇ ಕಡತದಲ್ಲಿದ್ದವು. ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟಿನಲ್ಲಿ ಎಲಿಜಬೆತ್ ಫೈನ್ಲರ್ ಅವರ ತಂಡ ಅದನ್ನು ನೋಡಿಕೊಳ್ಳುತ್ತಿತ್ತು. ಪಟ್ಟಿ ಬೆಳೆದು ಕೈಮೀರಿದಾಗ, 1983ರಲ್ಲಿ ಪಾಲ್ ಮೊಕಪೆಟ್ರಿಸ್ ಡಿಎನ್‌ಎಸ್ ರೂಪಿಸಿದರು. ಹೆಸರು ಕೊಟ್ಟರೆ ವಿಳಾಸ ಹೇಳುವ ಕೆಲಸ ಹಲವು ಸರ್ವರ್‌ಗಳಿಗೆ ಹಂಚಿಹೋಯಿತು. ಆದರೂ ಹೋಸ್ಟ್ಸ್ ಎಂಬ ಆ ಹಳೆಯ ಕಡತ ಪ್ರತಿ ಕಂಪ್ಯೂಟರಿನಲ್ಲೂ ಉಳಿಯಿತು. ಇಂದಿಗೂ ಹೆಚ್ಚಿನವು ಮೊದಲು ನೋಡುವುದು ಅದನ್ನೇ.

1994ರ ಅಕ್ಟೋಬರ್ 27ರಂದು ಹಾಟ್‌ವೈರ್ಡ್ ಪತ್ರಿಕೆಯ ವೆಬ್‌ಪುಟದಲ್ಲಿ ಎಟಿ ಅಂಡ್ ಟಿ ಕಂಪನಿಯ ಬ್ಯಾನರ್ ಜಾಹೀರಾತು ಕಾಣಿಸಿತು. ಮುಂದೆ ಜಾಹೀರಾತುಗಳನ್ನು ಪತ್ರಿಕೆಯ ಬದಲು ಬೇರೆ ಕಂಪನಿಗಳ ಸರ್ವರ್‌ಗಳೇ ಕಳಿಸತೊಡಗಿದಾಗ, ಬಳಕೆದಾರರು ಆ ಹಳೆಯ ಕಡತಕ್ಕೆ ಹೊಸ ಕೆಲಸ ಕೊಟ್ಟರು. ಜಾಹೀರಾತು ಸರ್ವರಿನ ಹೆಸರು ಬರೆದು, ಎದುರಿಗೆ 127.0.0.1 ಎಂದು ಹಾಕಿದರು. ಅದು ತನ್ನದೇ ಕಂಪ್ಯೂಟರಿನ ವಿಳಾಸ. ಬ್ರೌಸರ್ ಜಾಹೀರಾತನ್ನು ಕೇಳಿಕೊಂಡು ಹೊರಗೆ ಹೋಗದೆ ಮನೆಯೊಳಗೇ ಸುತ್ತಿ ಬರಿಗೈಯಲ್ಲಿ ಮರಳುತ್ತಿತ್ತು.

ಆದರೆ ಆ ಕಂಪ್ಯೂಟರಿನಲ್ಲೇ ವೆಬ್ ಸರ್ವರ್ ಇದ್ದರೆ? ಕೇಳಿದ್ದಕ್ಕೆಲ್ಲ ಅದು ಉತ್ತರಿಸುತ್ತಿತ್ತು. ಜಾಹೀರಾತು ಬರಬೇಕಿದ್ದ ಚೌಕದಲ್ಲಿ 'ಇಂಥ ಪುಟ ಇಲ್ಲ' ಎಂಬ 404 ಸಂದೇಶ ಮೂಡುತ್ತಿತ್ತು. ತಡೆಯುವವನೂ ಬಡಿಸುವವನೂ ಮೊದಲು ಮುಖಾಮುಖಿಯಾದದ್ದು ಇಲ್ಲಿ.

ಇಬ್ಬರಿಗೂ 80ನೇ ಪೋರ್ಟೇ ಏಕೆ ಬೇಕು? ಬಂಟ್ವಾಳದ ಬಿ.ಸಿ.ರೋಡಿನ ಒಂದೇ ಕಟ್ಟಡದ ಅಂಗಡಿಗಳಿಗೆ ಬೇರೆಬೇರೆ ಡೋರ್ ನಂಬರ್ ಇರುವಂತೆ, ಒಂದು ಕಂಪ್ಯೂಟರಿನ ಸೇವೆಗಳಿಗೆ ಪೋರ್ಟ್ ಸಂಖ್ಯೆಗಳಿರುತ್ತವೆ. ವೆಬ್‌ಪುಟ ಸಾಗಿಸುವ ನಿಯಮಾವಳಿಯಾದ ಎಚ್‌ಟಿಟಿಪಿಯ 1991ರ ವಿವರಣೆಯಲ್ಲಿ ಟಿಮ್ ಬರ್ನರ್ಸ್-ಲೀ 80 ಎಂದು ಬರೆದರು; 1992ರ ಜುಲೈನಲ್ಲಿ ಅದು ಅಧಿಕೃತ ಪಟ್ಟಿಗೆ ಸೇರಿತು. ಎಚ್‌ಟಿಟಿಪಿಯಲ್ಲಿ ಸಂಖ್ಯೆ ಹೇಳದೆ ಬಂದ ಬ್ರೌಸರ್ ಅಂದಿನಿಂದ ಅಲ್ಲೇ ಬಾಗಿಲು ತಟ್ಟುತ್ತದೆ.

ಜೇಕಬ್ ಸಲ್ಮೆಲಾ 2015ರಲ್ಲಿ ಹೊರತಂದ ಪೈ-ಹೋಲ್ ಹೋಸ್ಟ್ಸ್ ಉಪಾಯವನ್ನೇ ಇಡೀ ಮನೆಗೆ ವಿಸ್ತರಿಸಿತು. ಫೋನು, ಟಿವಿ ಎಲ್ಲವೂ ಹೆಸರು ಕೇಳುವುದು ಅದನ್ನೇ. ತಡೆದ ಹೆಸರಿಗೆ ಅದು ತನ್ನದೇ ವಿಳಾಸ ಕೊಡುತ್ತಿತ್ತು. ಬಂದವರಿಗೆ ಖಾಲಿ ಪುಟ ಕೊಡಲು ಲೈಟ್‌ಟಿಪಿಡಿ ಎಂಬ ಹಗುರ ಸರ್ವರ್ 80ರಲ್ಲಿ ಕೂರಬೇಕಿತ್ತು. ಅಪಾಚೆಯೊಡನೆ ಜಟಾಪಟಿ ಅದಕ್ಕೇ. ಎಚ್‌ಟಿಟಿಪಿಯ ಸುರಕ್ಷಿತ ರೂಪವಾದ ಎಚ್‌ಟಿಟಿಪಿಎಸ್ ಹರಡಿದ ಮೇಲೆ ಆ ಖಾಲಿ ಪುಟವೂ ಪ್ರಯೋಜನಕ್ಕೆ ಬರಲಿಲ್ಲ. ಸರಿಯಾದ ಪ್ರಮಾಣಪತ್ರವಿಲ್ಲದ ಉತ್ತರವನ್ನು ಬ್ರೌಸರ್ ಒಪ್ಪುವುದಿಲ್ಲ, ಕೆಲವು ಪುಟಗಳು ಕಾಯುತ್ತಲೇ ನಿಲ್ಲುತ್ತಿದ್ದವು. 2018ರ ಆಗಸ್ಟ್‌ನಲ್ಲಿ ಬಂದ ನಾಲ್ಕನೇ ಆವೃತ್ತಿ 0.0.0.0 ಎಂಬ ಉತ್ತರವನ್ನು ರೂಢಿಯಾಗಿಸಿತು. ಹೊರಗೆ ಎಲ್ಲಿಗೂ ತಲುಪದ ವಿಳಾಸ ಅದು. ಈ ಇತಿಹಾಸದ ಅತ್ಯಂತ ಜಾಣ ಹೆಜ್ಜೆ ಇದೇ. ಬೇಡವೆನ್ನುವುದಕ್ಕೆ ವೆಬ್ ಸರ್ವರ್ ಬೇಕಾಗಿಯೇ ಇಲ್ಲ ಎಂಬುದು ಅಲ್ಲಿ ಇತ್ಯರ್ಥವಾಯಿತು.

ಉಳಿದದ್ದು ಪೈ-ಹೋಲ್‌ನ ನಿರ್ವಹಣೆಯ ಪುಟ ಮಾತ್ರ. 2025ರ ಫೆಬ್ರವರಿಯ ಆರನೇ ಆವೃತ್ತಿ ಲೈಟ್‌ಟಿಪಿಡಿಯನ್ನು ಬಿಟ್ಟು ಸರ್ವರನ್ನು ತನ್ನೊಳಗೇ ಸೇರಿಸಿಕೊಂಡಿತು. ಆ ಪುಟವನ್ನು 8080ಕ್ಕೆ ಸರಿಸಿದರೆ ಅಪಾಚೆ ತನ್ನ ಜಾಗದಲ್ಲೇ ಇರಬಹುದು.

53ನೇ ಪೋರ್ಟಿಗೆ ಮಾತ್ರ ಇಂಥ ಸಡಿಲಿಕೆ ಇಲ್ಲ. ಡಿಎನ್‌ಎಸ್ ಪ್ರಶ್ನೆಗಳು ಮಾಮೂಲಾಗಿ ಬರುವುದು ಅಲ್ಲಿಗೇ. ಹಾಗಾಗಿ ಪೈ ನಿಂತರೆ ಮನೆಯ ಎಲ್ಲ ಫೋನುಗಳಿಗೂ ನೆಟ್ ಹೋದಂತೆಯೇ. ಮಳೆಗಾಲದ ಮುಂಚಿನ ಸಿಡಿಲಿಗೆ ಹೆದರಿ ಪ್ಲಗ್ ಕೀಳುವ ಈ ಸೀಮೆಯಲ್ಲಿ, ಹಾಗೆ ಹಠಾತ್ತನೆ ಕರೆಂಟ್ ತಪ್ಪಿಸಿದರೆ ಪೈಯ ಮೆಮೊರಿ ಕಾರ್ಡ್ ಕೆಡುವ ಸಾಧ್ಯತೆಯೂ ಇದೆ. ಗುಡುಗು ಕೇಳಿದೊಡನೆ ಅದನ್ನು ಕ್ರಮವಾಗಿ ಆರಿಸಿ, ಆಮೇಲೆ ಪ್ಲಗ್ ಕೀಳಬೇಕು.