ಕೂಲಿಯ ಹಣದಲ್ಲಿ ಎದ್ದ ಆಸ್ಪತ್ರೆ: ದಲ್ಲಿ ರಾಜಹರಾದ ಶಹೀದ್ ಆಸ್ಪತ್ರೆಯ ಹುಟ್ಟು ಮತ್ತು ನಡೆ

ಗಣಿ ಮತ್ತು ಕಾರ್ಖಾನೆಗಳ ಊರುಗಳಲ್ಲಿ ಆಸ್ಪತ್ರೆಯೆಂಬುದು ಬಹುಮಟ್ಟಿಗೆ ಕಂಪನಿಯ ಸ್ವತ್ತಾಗಿಯೇ ಬೆಳೆದುಬಂದಿದೆ. ಕೋಲಾರದ ಚಿನ್ನದ ಗಣಿಯಲ್ಲಾಗಲಿ, ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಾಗಲಿ, ವಸತಿಗೃಹ, ಶಾಲೆ, ಕ್ಲಬ್ಬುಗಳ ಸಾಲಿನಲ್ಲಿ ಆಸ್ಪತ್ರೆಯನ್ನೂ ಆಡಳಿತವೇ ಕಟ್ಟಿಸಿ, ಅದರ ಬಾಗಿಲು ಯಾರಿಗೆ ತೆರೆದಿರಬೇಕೆಂಬುದನ್ನೂ ತಾನೇ ಗೊತ್ತುಮಾಡುತ್ತಿತ್ತು. ಈ ವಾಡಿಕೆಯನ್ನು ಮೀರಿ, ಕಂಪನಿಯ ಆಸ್ಪತ್ರೆ ಕಣ್ಣೆದುರಿಗೇ ಇದ್ದ ಊರಿನಲ್ಲಿ, ದಿನಗೂಲಿಯ ಗಣಿ ಕಾರ್ಮಿಕರು ತಮ್ಮದೇ ದುಡ್ಡು ಮತ್ತು ದುಡಿಮೆಯಿಂದ ಇನ್ನೊಂದು ಆಸ್ಪತ್ರೆಯನ್ನು ಕಟ್ಟಿಕೊಂಡ ಪ್ರಸಂಗಗಳು ಭಾರತದಲ್ಲಿ ಬೆರಳೆಣಿಕೆಯಷ್ಟು. ಛತ್ತೀಸ್‌ಗಢದ ದಲ್ಲಿ ರಾಜಹರಾದಲ್ಲಿ 1983ರಲ್ಲಿ ತೆರೆದ ಶಹೀದ್ ಆಸ್ಪತ್ರೆ ಅವುಗಳಲ್ಲೊಂದು.

ದಲ್ಲಿ, ರಾಜಹರಾ ಎಂಬ ಎರಡು ಕಬ್ಬಿಣದ ಅದಿರಿನ ಗಣಿಗಳ ಹೆಸರು ಕೂಡಿ ಊರಿನ ಹೆಸರಾಗಿದೆ. ಆಗ ಮಧ್ಯಪ್ರದೇಶದ ದುರ್ಗ್ ಜಿಲ್ಲೆಗೆ ಸೇರಿದ್ದ, ಈಗ ಛತ್ತೀಸ್‌ಗಢದ ಬಾಲೋದ್ ಜಿಲ್ಲೆಯಲ್ಲಿರುವ ಈ ಪಟ್ಟಣ, ಸೋವಿಯತ್ ನೆರವಿನಿಂದ ಕಟ್ಟಿ 1959ರಲ್ಲಿ ಮೊದಲ ಊದುಕುಲುಮೆಯನ್ನು ಹೊತ್ತಿಸಿದ ಭಿಲಾಯಿ ಉಕ್ಕಿನ ಕಾರ್ಖಾನೆಗಾಗಿಯೇ ಹುಟ್ಟಿದ್ದು. ಇಲ್ಲಿಯದು ಮೀಸಲು ಗಣಿ, ಅಂದರೆ ಮಾರುಕಟ್ಟೆಗೆ ಹೋಗದೆ ಒಂದೇ ಕಾರ್ಖಾನೆಗೆ ಅದಿರು ಒದಗಿಸುವ ಗಣಿ. ಅದರ ಒಂದು ಭಾಗದಲ್ಲಿ ಯಂತ್ರಗಳೂ ಖಾಯಂ ನೌಕರರೂ ಇದ್ದರೆ, ಇನ್ನೊಂದು ಭಾಗದಲ್ಲಿ ಗುತ್ತಿಗೆದಾರರ ಕೈಕೆಳಗೆ ಸಾವಿರಾರು ಮಂದಿ ಕೈಯಿಂದಲೇ ಅದಿರು ತೆಗೆಯುತ್ತಿದ್ದರು. ಗಂಡಸು ಹಾರೆ, ಸುತ್ತಿಗೆಗಳಿಂದ ಕಲ್ಲನ್ನು ಒಡೆದರೆ, ಹೆಂಗಸು ಅದನ್ನು ಆಯ್ದು, ಬುಟ್ಟಿಯಲ್ಲಿ ಹೊತ್ತು ಲಾರಿಗೆ ತುಂಬುವುದು ರೂಢಿ. ಹೀಗಾಗಿ ಕೂಲಿಯ ಲೆಕ್ಕ ಹಲವೊಮ್ಮೆ ಜೋಡಿಯದೇ ಆಗಿರುತ್ತಿತ್ತು. ಸುತ್ತಲಿನ ಹಳ್ಳಿಗಳ ಆದಿವಾಸಿಗಳು ಮತ್ತು ಹಿಂದುಳಿದ ಜಾತಿಗಳ ಸಣ್ಣ ರೈತರೇ ಇವರಲ್ಲಿ ಹೆಚ್ಚಿನವರು. ಗುತ್ತಿಗೆ ಕಾರ್ಮಿಕರ ನಿಯಂತ್ರಣ ಮತ್ತು ನಿರ್ಮೂಲನಕ್ಕೆಂದು ಕೇಂದ್ರದ ಕಾನೂನು 1970ರಲ್ಲೇ ಬಂದಿದ್ದರೂ, ಒಂದೇ ಬೆಟ್ಟವನ್ನು ಅಗೆಯುವ ಇಬ್ಬರಲ್ಲಿ ಒಬ್ಬನಿಗೆ ಮನೆ, ಬೋನಸ್ಸು, ಕುಟುಂಬಕ್ಕೆಲ್ಲ ವೈದ್ಯಕೀಯ ಸೌಲಭ್ಯ ಸಿಕ್ಕಿ, ಇನ್ನೊಬ್ಬನಿಗೆ ಅದಾವುದೂ ಸಿಗದ ಸ್ಥಿತಿ ಹಾಗೆಯೇ ಮುಂದುವರಿದಿತ್ತು.

ತುರ್ತು ಪರಿಸ್ಥಿತಿ ಮುಗಿಯುತ್ತಿದ್ದಂತೆ ಈ ಅಂತರವೇ ಕಿಡಿಯಾಯಿತು. ಹಳೆಯ ಸಂಘಟನೆಗಳು ಖಾಯಂ ನೌಕರರಿಗೊಂದು, ಗುತ್ತಿಗೆಯವರಿಗೊಂದು ಎಂಬಂತೆ ಬೋನಸ್ ಒಪ್ಪಂದ ಮಾಡಿಕೊಂಡಿದ್ದರಿಂದ ಬೇಸತ್ತ ಗುತ್ತಿಗೆ ಕಾರ್ಮಿಕರು 1977ರಲ್ಲಿ ಛತ್ತೀಸ್‌ಗಢ ಮೈನ್ಸ್ ಶ್ರಮಿಕ ಸಂಘ ಎಂಬ ಸ್ವಂತ ಸಂಘವನ್ನು ಕಟ್ಟಿದರು ಮತ್ತು ಆಗಷ್ಟೇ ಸೆರೆಮನೆಯಿಂದ ಹೊರಬಂದಿದ್ದ ಶಂಕರ ಗುಹಾ ನಿಯೋಗಿಯನ್ನು ಮುಂದಾಳಾಗಿ ಕರೆತಂದರು. ಬಂಗಾಳದಿಂದ ಬಂದು, ಭಿಲಾಯಿಯಲ್ಲಿ ದುಡಿದು, ಕೆಲಸ ಕಳೆದುಕೊಂಡು, ಹಳ್ಳಿ ಮತ್ತು ಗಣಿಗಳಲ್ಲಿ ಕೂಲಿಯಾಗಿ ಅಲೆದಿದ್ದ ನಿಯೋಗಿಗೆ ಆ ನೆಲದ ಮಾತೂ ಬದುಕೂ ಗೊತ್ತಿದ್ದವು. ಕೆಲಸವಿಲ್ಲದ ದಿನಕ್ಕೂ ಕೂಲಿ, ಮಳೆಗಾಲಕ್ಕೆ ಮುಂಚೆ ಗುಡಿಸಲಿನ ರಿಪೇರಿಗೆ ಬಿದಿರು ಮತ್ತು ಗಳುಗಳ ಭತ್ಯೆ ಎಂಬ ಬೇಡಿಕೆಗಳನ್ನಿಟ್ಟು ಮುಷ್ಕರ ನಡೆಯುತ್ತಿದ್ದಾಗ, ಜೂನ್ 2ರ ರಾತ್ರಿ ನಿಯೋಗಿಯನ್ನು ಪೊಲೀಸರು ಬಂಧಿಸಿದರು. ಅದನ್ನು ತಡೆಯಹೊರಟ ಜನರ ಮೇಲೆ ಆ ರಾತ್ರಿಯೂ ಮರುದಿನವೂ ನಡೆದ ಗೋಲಿಬಾರಿನಲ್ಲಿ ಹನ್ನೊಂದು ಮಂದಿ ಸತ್ತರು. ಸತ್ತವರಲ್ಲಿ ಅನುಸೂಯಾ ಬಾಯಿ ಎಂಬ ಹೆಂಗಸೂ ಸುದಾಮ ಎಂಬ ಹುಡುಗನೂ ಇದ್ದರು. ಮುಂದೆ ಕಟ್ಟಿದ ಆಸ್ಪತ್ರೆಗೆ ಹುತಾತ್ಮರ ಹೆಸರು ಬಂದುದು ಇವರಿಂದಲೇ.

ಆದರೆ ಆಸ್ಪತ್ರೆಯ ಹಂಬಲಕ್ಕೆ ನೇರ ಕಾರಣವಾದುದು ಇನ್ನೊಂದು ಸಾವು. ಸಂಘದ ಉಪಾಧ್ಯಕ್ಷೆಯಾಗಿದ್ದ ಕುಸುಮ್ ಬಾಯಿ ಹೆರಿಗೆಯ ಹೊತ್ತಿನಲ್ಲಿ, ಸಕಾಲದ ಚಿಕಿತ್ಸೆಯಿಲ್ಲದೆ ತೀರಿಕೊಂಡಳು. ಊರಿನಲ್ಲಿ ಸುಸಜ್ಜಿತ ಆಸ್ಪತ್ರೆಯಿದ್ದೂ ಗುತ್ತಿಗೆಯ ಕೂಲಿಗಳಿಗೆ ಅದು ದಕ್ಕದೆ ಹೋಯಿತು ಎಂಬುದು ಕಾರ್ಮಿಕರ ನೋವು. ಸಾವಿರಾರು ಮಂದಿ ಸೇರಿ ಶೋಕಿಸಿದ ಆ ದಿನ ಕಲ್ಲು ತೂರಾಟ ನಡೆಯಲಿಲ್ಲ. ತಮ್ಮದೇ ಹೆರಿಗೆ ಆಸ್ಪತ್ರೆ ಬೇಕೆಂಬ ನಿರ್ಧಾರ ಮೊಳೆಯಿತು. ಹೋರಾಟ ಮತ್ತು ನಿರ್ಮಾಣ ಜೊತೆಜೊತೆಯಾಗಿ ಸಾಗಬೇಕು, ಅಂದರೆ ಹಕ್ಕು ಕೇಳುವ ಕೈಯೇ ಪರ್ಯಾಯವನ್ನೂ ಕಟ್ಟಿ ತೋರಿಸಬೇಕು ಎಂಬ ನಿಯೋಗಿಯ ನಿಲುವು ಘೋಷಣೆಯ ಮಟ್ಟವನ್ನು ದಾಟಿ ಇಟ್ಟಿಗೆ ಗಾರೆಗಳ ಮಟ್ಟಕ್ಕೆ ಇಳಿದುದು ಇಲ್ಲಿಂದ ಎನ್ನಬಹುದು.

ಸಂಘಕ್ಕೆ ಆರೋಗ್ಯದ ವಿಷಯ ಹೊಸದಾಗಿರಲಿಲ್ಲ. ಕೂಲಿ ಏರಿದಂತೆಲ್ಲ ಹೆಂಡದಂಗಡಿಯ ವ್ಯಾಪಾರವೂ ಏರಿತೆಂಬುದನ್ನು ಕಂಡ ಕಾರ್ಮಿಕರು, ಮುಖ್ಯವಾಗಿ ಹೆಂಗಸರು, ಪಾನನಿರೋಧದ ಚಳವಳಿ ನಡೆಸಿದ್ದರು. ಕೊಳಕು ಕೇರಿಗಳ ವಿಚಾರದಲ್ಲಿ ಅವರು ಹಿಡಿದ ದಾರಿಯಂತೂ ಚುರುಕಿನದು: ಮೊಹಲ್ಲಾಗಳ ಕಸವನ್ನು ತಾವೇ ಗುಡಿಸಿ ಲಾರಿಗಳಿಗೆ ತುಂಬಿ, ಇದನ್ನು ಸಾಗಿಸುವ ಏರ್ಪಾಡು ಮಾಡದಿದ್ದರೆ ಗಣಿಯ ಅಧಿಕಾರಿಗಳ ಮನೆ ಮುಂದೆಯೇ ಸುರಿಯುತ್ತೇವೆಂದು ಎಚ್ಚರಿಸಿದರು. ನೈರ್ಮಲ್ಯದ ಮೇಲೆ ಉಪನ್ಯಾಸ ಕೊಟ್ಟು ಬಡವರನ್ನೇ ಹೊಣೆಮಾಡುವ ಆರೋಗ್ಯ ಶಿಕ್ಷಣದ ಪದ್ಧತಿಗೆ ಇದಕ್ಕಿಂತ ಒಳ್ಳೆಯ ಉತ್ತರ ಸಿಗುವುದು ಕಷ್ಟ.

1981ರ ಹೊತ್ತಿಗೆ ಬಿನಾಯಕ ಸೇನ್, ಆಶಿಶ್ ಕುಂಡು, ಪವಿತ್ರ ಗುಹಾ ಎಂಬ ಎಳೆಯ ವೈದ್ಯರು ಊರಿಗೆ ಬಂದರು. ಶೈಬಾಲ್ ಜಾನಾ ಮತ್ತು ಚಂಚಲಾ ಸಮಾಜದಾರ್ ಅನಂತರ ಸೇರಿಕೊಂಡರು. ಸೇನ್ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಓದಿದ ಮಕ್ಕಳ ವೈದ್ಯ. ಎಲ್ಲರಿಗೂ ಪ್ರಾಥಮಿಕ ಆರೋಗ್ಯ ಎಂದು ಸಾರಿದ ಅಲ್ಮಾ ಆಟಾ ಘೋಷಣೆ 1978ರಲ್ಲಿ ಹೊರಬಿದ್ದಿದ್ದು, ದೊಡ್ಡ ಆಸ್ಪತ್ರೆಗಳ ವೈದ್ಯಪದ್ಧತಿಯ ಬಗ್ಗೆ ಅಸಮಾಧಾನ ಹೊಂದಿದ್ದ ವೈದ್ಯರು ಭಾರತದ ಹಲವೆಡೆ ಹಳ್ಳಿಗಾಡಿನತ್ತ ಹೊರಟಿದ್ದ ಕಾಲ ಅದು. ಕರ್ನಾಟಕದ ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ ಸೋಲಿಗರ ನಡುವೆ ಕೆಲಸ ಆರಂಭಿಸಿದುದೂ ಹೆಚ್ಚುಕಡಿಮೆ ಇದೇ ಸಮಯದಲ್ಲಿ. ಒಂದು ವ್ಯತ್ಯಾಸವನ್ನು ಮಾತ್ರ ಗಮನಿಸಬೇಕು. ಬೇರೆಡೆ ವೈದ್ಯನು ಹೋಗಿ ಜನರನ್ನು ಸಂಘಟಿಸಬೇಕಾಗಿತ್ತು. ದಲ್ಲಿ ರಾಜಹರಾದಲ್ಲಿ ಜನ ಅದಾಗಲೇ ಸಂಘಟಿತರಾಗಿದ್ದು ವೈದ್ಯನನ್ನು ಕೆಲಸಕ್ಕಿಟ್ಟುಕೊಂಡರು. 1982ರ ಜನವರಿ 26ರಂದು ಸಂಘದ ಕಚೇರಿಯ ಪಕ್ಕದ ಗ್ಯಾರೇಜಿನಲ್ಲಿ ಔಷಧಾಲಯ ಶುರುವಾಯಿತು. ಗೋಲಿಬಾರಿನ ಆರನೆಯ ವರ್ಷದ ದಿನ, 1983ರ ಜೂನ್ 3ರಂದು, ಹದಿನೈದು ಹಾಸಿಗೆಗಳ ಆಸ್ಪತ್ರೆ ತೆರೆಯಿತು. ಮಂತ್ರಿಯನ್ನಾಗಲಿ ಗಣ್ಯರನ್ನಾಗಲಿ ಕರೆಯದೆ, ಹಿರಿಯ ಗಣಿ ಕಾರ್ಮಿಕನೊಬ್ಬನ ಮತ್ತು ಸುತ್ತಲಿನ ಹಳ್ಳಿಯ ಹಿರಿಯ ರೈತನೊಬ್ಬನ ಕೈಯಿಂದ ಅದನ್ನು ಉದ್ಘಾಟಿಸಲಾಯಿತು. ಸಂಘದ ಬಾವುಟದ ಕೆಂಪು ಕಾರ್ಮಿಕನಿಗೂ ಹಸಿರು ರೈತನಿಗೂ ಸಲ್ಲುತ್ತಿದ್ದುದರಿಂದ ಇಬ್ಬರೂ ಬೇಕಾಗಿದ್ದರು.

ಈ ಆಸ್ಪತ್ರೆಯ ಮೌಲ್ಯಗಳ ಬೇರು ಇರುವುದು ಅದರ ಲೆಕ್ಕದ ಪುಸ್ತಕದಲ್ಲಿ. ಕಟ್ಟಡದ ಖರ್ಚು ಕಾರ್ಮಿಕರ ಚಂದಾ ಮತ್ತು ಭತ್ಯೆಗಳ ಹಣದಿಂದ ಬಂತು, ಕಟ್ಟುವ ಕೆಲಸದ ಬಹುಭಾಗವನ್ನು ಅವರೇ ಬಿಡುವಿನಲ್ಲಿ ಮಾಡಿದರು. ಸರ್ಕಾರದ ಅನುದಾನ, ಉದ್ಯಮಪತಿಗಳ ಕೊಡುಗೆ, ವಿದೇಶಿ ನಿಧಿಸಂಸ್ಥೆಗಳ ನೆರವು ಮೂರನ್ನೂ ಬೇಡವೆಂದರು. ಇದನ್ನು ಬರಿಯ ಸ್ವಾಭಿಮಾನವೆಂದು ತಿಳಿದರೆ ವಿಷಯ ಅರ್ಧ ಮಾತ್ರ ತಿಳಿದಂತೆ. ದಾನಿಯ ಹಣದಿಂದ ನಡೆಯುವ ಆಸ್ಪತ್ರೆ ಎಷ್ಟೇ ಕರುಣೆಯುಳ್ಳದ್ದಾದರೂ ವರ್ಷಕ್ಕೊಮ್ಮೆ ಲೆಕ್ಕ ಒಪ್ಪಿಸುವುದು ದಾನಿಗೆ. ಇಲ್ಲಿ ಲೆಕ್ಕ ಕೇಳುವವನೂ ಸರದಿಯಲ್ಲಿ ಕುಳಿತಿರುವ ರೋಗಿಯೂ ಒಬ್ಬನೇ. ರೋಗಿಗಳಿಂದ ಅಲ್ಪ ಶುಲ್ಕ ಪಡೆಯುತ್ತಿದ್ದುದಕ್ಕೂ ಇದೇ ಕಾರಣ. ಪುಕ್ಕಟೆ ಕೊಡುವುದು ಧರ್ಮ ಎಂಬ ನಂಬಿಕೆ ಗಾಢವಾಗಿರುವ ನಾಡಿನಲ್ಲಿ, ಬಡವರೇ ಬಡವರಿಂದ ಹಣ ಪಡೆದು ನಡೆಸುವ ಸಂಸ್ಥೆಯನ್ನು ಧರ್ಮಾಸ್ಪತ್ರೆಗಳ ಸಾಲಿಗೆ ಸೇರಿಸುವುದು ಸರಿಯಲ್ಲ. ಸಹಕಾರ ಸಂಘಗಳ ಪಕ್ಕದಲ್ಲಿ ಇಟ್ಟು ನೋಡಿದರೆ ಅದರ ಸ್ವರೂಪ ಚೆನ್ನಾಗಿ ತಿಳಿಯುತ್ತದೆ.

ಕೂಲಿಯ ವಿಚಾರದಲ್ಲಿ ಗುತ್ತಿಗೆದಾರನನ್ನು ಪ್ರಶ್ನಿಸಲು ಕಲಿತ ಸಮುದಾಯ ಔಷಧದ ವಿಚಾರದಲ್ಲೂ ಪ್ರಶ್ನೆ ಕೇಳತೊಡಗಿದುದು ಈ ಇತಿಹಾಸದ ಅತ್ಯಂತ ಸಮೃದ್ಧ ಭಾಗ. ಆ ಕಾಲದ ಸಣ್ಣ ಊರುಗಳಲ್ಲಿ ಸೂಜಿ ಚುಚ್ಚದ ಡಾಕ್ಟರನ್ನು ಡಾಕ್ಟರೆಂದೇ ಯಾರೂ ಎಣಿಸುತ್ತಿರಲಿಲ್ಲ. ದಣಿದು ಬಂದವನಿಗೆ ಕ್ಯಾಲ್ಸಿಯಂ ಚುಚ್ಚುಮದ್ದು, ನಿಶ್ಶಕ್ತಿಯೆಂದವನಿಗೆ ಗ್ಲೂಕೋಸ್ ಬಾಟಲಿ, ಬಾಣಂತಿಗೆ ಬಣ್ಣದ ಟಾನಿಕ್ಕು ಎಂಬುದು ಚಿಕಿತ್ಸೆಯ ಮಾದರಿಯಾಗಿತ್ತು. ಕ್ಯಾಲ್ಸಿಯಂ ರಕ್ತನಾಳಕ್ಕೆ ಇಳಿಯುವಾಗ ಮೈಗೆ ಹರಿಯುವ ಬಿಸಿಯನ್ನೇ ಜನ ಶಕ್ತಿಯೆಂದು ನಂಬಿ ದುಡ್ಡು ಕೊಡುತ್ತಿದ್ದರು. ಹೆರಿಗೆ ಬೇಗ ಆಗಲೆಂದು ಮನೆಯಲ್ಲೇ ಆಕ್ಸಿಟೋಸಿನ್ ಚುಚ್ಚಿಸುವ ಪರಿಪಾಠ ಇನ್ನೂ ಅಪಾಯದ್ದು: ಗರ್ಭಕೋಶವನ್ನು ಬಿಗಿಯಾಗಿ ಸಂಕುಚಿಸುವ ಈ ಹಾರ್ಮೋನನ್ನು ಅಳತೆಯಿಲ್ಲದೆ ಕೊಟ್ಟರೆ ಮಗುವಿಗೆ ಉಸಿರುಗಟ್ಟಬಹುದು, ಗರ್ಭಕೋಶವೇ ಹರಿಯಬಹುದು. ಶಹೀದ್ ಆಸ್ಪತ್ರೆಯ ವೈದ್ಯರು ಇವನ್ನೆಲ್ಲ ನಿಲ್ಲಿಸಿದ್ದಷ್ಟೇ ಅಲ್ಲದೆ, ಏಕೆ ನಿಲ್ಲಿಸಿದೆವೆಂದು ಕೇರಿ ಸಭೆಗಳಲ್ಲಿಯೂ ಗೋಡೆಪತ್ರಿಕೆಗಳಲ್ಲಿಯೂ ಕಿರುಹೊತ್ತಗೆಗಳಲ್ಲಿಯೂ ವಿವರಿಸಿದರು.

ವಾಂತಿಭೇದಿಯಲ್ಲಿ ಸಾವು ಬರುವುದು ಮೈಯ ನೀರು ಮತ್ತು ಲವಣ ಬರಿದಾಗುವುದರಿಂದ. ಅದಕ್ಕೆ ಬಾಟಲಿ ಏರಿಸುವುದು ಕೊನೆಯ ಉಪಾಯ. ಮೊದಲ ಉಪಾಯ, ಒಂದು ಲೀಟರ್ ಶುದ್ಧ ನೀರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ ಗುಟುಕುಗುಟುಕಾಗಿ ಕುಡಿಸುವುದು. ಈ ಜ್ಞಾನ ತಾಯಿಯ ಕೈಗೆ ದಾಟಿದರೆ ಆಸ್ಪತ್ರೆಗೆ ಬರುವ ರೋಗಿಗಳ ಸಂಖ್ಯೆ, ಅದರೊಡನೆ ಆದಾಯವೂ, ಕಡಿಮೆಯಾಗುತ್ತದೆ. ಆದರೂ ಅದನ್ನೇ ಶ್ರದ್ಧೆಯಿಂದ ಹರಡಿದ ಸಂಸ್ಥೆಯ ನಿಷ್ಠೆ ಎಲ್ಲಿತ್ತೆಂದು ಬೇರೆ ಹೇಳಬೇಕಾಗಿಲ್ಲ. ಔಷಧಗಳನ್ನು ಕಂಪನಿಯ ಹೆಸರಿನಿಂದ ಬರೆಯದೆ ಮೂಲ ರಾಸಾಯನಿಕದ ಹೆಸರಿನಿಂದ ಬರೆಯುವ, ಅಗತ್ಯ ಔಷಧಗಳ ಚಿಕ್ಕ ಪಟ್ಟಿಗೆ ಕಟ್ಟುಬೀಳುವ ಶಿಸ್ತನ್ನೂ ಅಲ್ಲಿ ಪಾಲಿಸಿದರು. ಭಾರತ ಸರ್ಕಾರವೇ ನೇಮಿಸಿದ್ದ ಹಾಥಿ ಸಮಿತಿ 1975ರಲ್ಲಿ ಶಿಫಾರಸು ಮಾಡಿದ್ದುದೂ ಇದನ್ನೇ. ಸರ್ಕಾರದ ಕಡತದಲ್ಲಿ ಮಲಗಿದ್ದ ಸಲಹೆ ಕೂಲಿಗಳ ಆಸ್ಪತ್ರೆಯಲ್ಲಿ ಜಾರಿಗೆ ಬಂತು.

ಆಸ್ಪತ್ರೆಯ ಆರೋಗ್ಯ ಕಾರ್ಯಕರ್ತರು ನರ್ಸಿಂಗ್ ಶಾಲೆಯಿಂದ ಬಂದವರಲ್ಲ. ಪಾಳಿ ಮುಗಿಸಿ ಬಂದ ಗಣಿ ಕಾರ್ಮಿಕರು ಮತ್ತು ಅವರ ಮನೆಯ ಹೆಣ್ಣುಮಕ್ಕಳು ಗಾಯ ಕಟ್ಟುವುದನ್ನು, ಸೂಜಿ ಕುದಿಸುವುದನ್ನು, ರಕ್ತದೊತ್ತಡ ಅಳೆಯುವುದನ್ನು, ಶಸ್ತ್ರಚಿಕಿತ್ಸೆಯಲ್ಲಿ ನೆರವಾಗುವುದನ್ನು ಕೆಲಸದ ನಡುವೆಯೇ ಕಲಿತರು. ರಕ್ತ ಬೇಕಾದರೆ ಸಂಘದ ಸದಸ್ಯರೇ ಕೊಡುತ್ತಿದ್ದರು. ಆಡಳಿತದ ತೀರ್ಮಾನಗಳಲ್ಲಿ ವೈದ್ಯರಿಗೂ ಇವರಿಗೂ ಒಂದೇ ಸ್ಥಾನವಿರಬೇಕೆಂಬುದು ಆದರ್ಶವಾಗಿತ್ತು. ಆದರೆ ಒಂದು ಕೊರತೆಯನ್ನು ಮರೆಮಾಚಬಾರದು. ಮುಂಚೂಣಿಯ ವೈದ್ಯರಲ್ಲಿ ಹೆಚ್ಚಿನವರು ಬಂಗಾಳದಿಂದ ಬಂದವರು. ಕಾರ್ಮಿಕನ ಮಗ ಒಳ್ಳೆಯ ಕಾಂಪೌಂಡರ್ ಆದಷ್ಟು ಸುಲಭವಾಗಿ ವೈದ್ಯನಾಗುವ ದಾರಿಯನ್ನು ಒಂದು ಸಂಘ, ಅದೆಷ್ಟೇ ಗಟ್ಟಿಯಾಗಿದ್ದರೂ, ತೆರೆಯಲಾರದಾಗಿತ್ತು. ಹೀಗಾಗಿ ವೈದ್ಯರು ಹೊರಟುಹೋದಾಗಲೆಲ್ಲ ಆಸ್ಪತ್ರೆ ತೊಡರಿತು.

1991ರ ಸೆಪ್ಟೆಂಬರ್ 28ರ ನಸುಕಿನಲ್ಲಿ, ಭಿಲಾಯಿಯ ಖಾಸಗಿ ಕಾರ್ಖಾನೆಗಳ ಕಾರ್ಮಿಕರನ್ನು ಸಂಘಟಿಸುತ್ತಿದ್ದ ನಿಯೋಗಿಯನ್ನು ಮಲಗಿದ್ದಲ್ಲಿಯೇ ಗುಂಡಿಟ್ಟು ಕೊಂದರು. ಮರುವರ್ಷದ ಜುಲೈ 1ರಂದು ಭಿಲಾಯಿಯಲ್ಲಿ ರೈಲು ಹಳಿಯ ಮೇಲೆ ಕುಳಿತಿದ್ದ ಕಾರ್ಮಿಕರ ಮೇಲೆ ಗೋಲಿಬಾರಾಗಿ ಮತ್ತೆ ಹಲವರು ಸತ್ತರು. ಆ ದಿನದ ಮೊಕದ್ದಮೆಯಲ್ಲಿ ಡಾ. ಶೈಬಾಲ್ ಜಾನಾ ಅವರನ್ನು ಪೊಲೀಸರು ಬಂಧಿಸಿದ್ದು 2016ರಲ್ಲಿ. ಅಷ್ಟೂ ವರ್ಷ ಅದೇ ಊರಿನ, ಯಾರು ಬೇಕಾದರೂ ಹೊಗಬಹುದಾದ ಆಸ್ಪತ್ರೆಯಲ್ಲಿ ದಿನವೂ ರೋಗಿಗಳನ್ನು ನೋಡುತ್ತಿದ್ದ ವೈದ್ಯರು ಕಡತದ ಪ್ರಕಾರ ತಲೆಮರೆಸಿಕೊಂಡಿದ್ದರು.

ನಾಯಕನ ಸಾವಿಗಿಂತಲೂ ನಿಧಾನವಾಗಿ, ಆದರೆ ಹೆಚ್ಚು ಆಳವಾಗಿ ಆಸ್ಪತ್ರೆಯ ಬುಡವನ್ನು ತಟ್ಟಿದ್ದು ಯಂತ್ರ. ಗಣಿಯ ಪೂರ್ಣ ಯಾಂತ್ರೀಕರಣಕ್ಕೆ ಸಂಘ ವರ್ಷಗಟ್ಟಲೆ ತಡೆಯೊಡ್ಡಿ, ಕೈಕೆಲಸವನ್ನೂ ಯಂತ್ರವನ್ನೂ ಹೊಂದಿಸುವ ಅರೆ ಯಾಂತ್ರೀಕರಣದ ಯೋಜನೆಯನ್ನು ಮುಂದಿಟ್ಟಿತ್ತು. ಕಾಲಕ್ರಮದಲ್ಲಿ ಕೈಗಣಿಗಳು ಕುಗ್ಗಿದವು, ಹಳೆಯ ತಲೆಮಾರು ನಿವೃತ್ತವಾಯಿತು. ಕೂಲಿಯ ಮೇಲೆ ನಿಂತ ಆಸ್ಪತ್ರೆಗೆ ಕೂಲಿಕಾರರೇ ಕಡಿಮೆಯಾದುದು ದಾನವನ್ನು ನಿರಾಕರಿಸಿದ ನಿಲುವಿಗೆ ತೆತ್ತ ಬೆಲೆ. ದಾನಿಗಳನ್ನು ನೆಚ್ಚಿದ್ದರೆ ಈ ಬಗೆಯ ಮುಗ್ಗಟ್ಟು ಬರುತ್ತಿರಲಿಲ್ಲ, ಬೇರೆ ಬಗೆಯದು ಬರುತ್ತಿತ್ತು. ಅಷ್ಟರಲ್ಲಿ ಆಸ್ಪತ್ರೆಯ ಹಾಸಿಗೆಗಳು ಹಲವು ಪಟ್ಟು ಹೆಚ್ಚಿದ್ದವು ಮತ್ತು ಗಣಿಗೆ ಸಂಬಂಧವೇ ಇಲ್ಲದ, ದೂರದ ಹಳ್ಳಿಗಳ ರೈತರು ಮತ್ತು ಆದಿವಾಸಿಗಳು ಅದರ ಮುಖ್ಯ ರೋಗಿಗಳಾಗಿದ್ದರು; ಅವರು ತೆರುವ ಶುಲ್ಕವೇ ಅದರ ಆಧಾರವಾಗಿತ್ತು.

ಇಲ್ಲಿ ಎಂಟು ವರ್ಷಗಳ ಕಾಲ ದುಡಿದ ಡಾ. ಪುಣ್ಯಬ್ರತ ಗುಣ್ ಬಂಗಾಳಕ್ಕೆ ಮರಳಿ, 1995ರಲ್ಲಿ ಹೌರಾ ಜಿಲ್ಲೆಯ ಚೆಂಗೈಲ್‌ನಲ್ಲಿ, ಕನೋರಿಯಾ ಸೆಣಬಿನ ಗಿರಣಿಯ ಕಾರ್ಮಿಕರ ಚಳವಳಿಯ ಬೆನ್ನಿಗೆ, ಶ್ರಮಿಕ ಕೃಷಕ ಮೈತ್ರಿ ಸ್ವಾಸ್ಥ್ಯ ಕೇಂದ್ರವನ್ನು ಆರಂಭಿಸುವಲ್ಲಿ ಮುಂದಾದರು. ಕಡಿಮೆ ಔಷಧ, ಕಡಿಮೆ ಶುಲ್ಕ, ಊರವರಿಂದಲೇ ಆರಿಸಿ ತರಬೇತುಗೊಳಿಸಿದ ಕಾರ್ಯಕರ್ತರು, ದೊಡ್ಡ ದಾನಿಗಳಿಂದ ದೂರ ಎಂಬ ದಲ್ಲಿ ರಾಜಹರಾದ ಕ್ರಮವನ್ನೇ ಅಲ್ಲಿಯೂ ಇಟ್ಟುಕೊಂಡರು.