ಬಾಡಿಗೆ ಮನೆ ಸೋರಿದರೆ ಯಾರ ಹೊಣೆ?

ಬೆಂಗಳೂರಿನಲ್ಲಿ ಬಾಡಿಗೆ ಮನೆ ಹಿಡಿದವರಿಗೆಲ್ಲ ಆ ಕರಾರುಪತ್ರದ ಪರಿಚಯ ಇರುತ್ತದೆ. ಛಾಪಾ ಕಾಗದ, ಹನ್ನೊಂದು ತಿಂಗಳ ಅವಧಿ, ಅಡ್ವಾನ್ಸಿನ ಮೊತ್ತ, ಖಾಲಿ ಮಾಡುವಾಗ ಬಣ್ಣ ಹೊಡೆಸಲು ಒಂದು ತಿಂಗಳ ಬಾಡಿಗೆ ಕಡಿತ. ಬಾಡಿಗೆದಾರ ಏನೇನು ಮಾಡಬಾರದು ಎಂಬುದೂ ಒಂದೊಂದಾಗಿ ಬರೆದಿರುತ್ತದೆ. ಮಳೆಗಾಲದಲ್ಲಿ ಛಾವಣಿ ಸೋರಿದರೆ, ಗೋಡೆಯೊಳಗಿನ ಪೈಪು ಒಡೆದರೆ ಯಾರು ಸರಿಮಾಡಿಸಬೇಕು ಎಂಬ ಸಾಲು ಮಾತ್ರ ನಾನು ಸಹಿ ಹಾಕಿದ ಯಾವ ಪತ್ರದಲ್ಲೂ ಇರಲಿಲ್ಲ. ಟೈಪ್ ಮಾಡಿದವರ ಮರೆವು ಎಂದೇ ಬಹಳ ದಿನ ಅಂದುಕೊಂಡಿದ್ದೆ. ಆದರೆ ಈ ಮೌನ 1882ರಷ್ಟು ಹಳೆಯದು.

ಆಸ್ತಿ ವರ್ಗಾವಣೆ ಕಾಯ್ದೆ ಬಂದದ್ದು ಆ ವರ್ಷ. ಅದರ 108ನೇ ಸೆಕ್ಷನ್ ಮೊದಲ ಓದಿಗೆ ಬಾಡಿಗೆದಾರನ ಪರವಾಗಿಯೇ ಇದ್ದಂತೆ ಕಾಣುತ್ತದೆ. ಮಾಲೀಕ ತಾನು ಮಾಡಿಸಲು ಬದ್ಧನಾಗಿರುವ ರಿಪೇರಿಯನ್ನು, ನೋಟಿಸ್ ಕೊಟ್ಟ ಮೇಲೂ ತಕ್ಕ ಸಮಯದೊಳಗೆ ಮಾಡಿಸದಿದ್ದರೆ, ಬಾಡಿಗೆದಾರ ತಾನೇ ಮಾಡಿಸಿ ಖರ್ಚನ್ನು ಬಡ್ಡಿಸಮೇತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಬಡ್ಡಿಸಮೇತ! ಆದರೆ ಇಡೀ ವಾಕ್ಯ ನಿಂತಿರುವುದು ‘ಬದ್ಧನಾಗಿರುವ’ ಎಂಬ ಒಂದು ಪದದ ಮೇಲೆ. ಯಾವ ರಿಪೇರಿಗೆ ಬದ್ಧ? ಕಾಯ್ದೆ ಹೇಳುವುದಿಲ್ಲ. ಕರಾರಿನಲ್ಲಿ ಬರೆದಿದ್ದರೆ ಅಥವಾ ಊರಿನ ರೂಢಿಯಲ್ಲಿದ್ದರೆ ಸರಿ, ಇಲ್ಲದಿದ್ದರೆ ಇಲ್ಲ. ಕಣ್ಣಿಗೆ ಬೀಳದ ದೊಡ್ಡ ದೋಷ ತನಗೆ ಗೊತ್ತಿದ್ದರೆ ಅದನ್ನು ಮೊದಲೇ ತಿಳಿಸುವುದು ಮಾಲೀಕನ ಕೆಲಸ. ಕಣ್ಣಿಗೆ ಕಾಣುವುದನ್ನು ನೋಡಿಕೊಂಡೇ ಬಂದೆಯಲ್ಲ ಎನ್ನುವುದು ಆ ಕಾಲದ ಇಂಗ್ಲಿಷ್ ಕಾನೂನಿನ ಧೋರಣೆ. ಅದೇ ಸೆಕ್ಷನ್ ಬಾಡಿಗೆದಾರನಿಗೆ ಹೇಳುವಾಗ ತಡವರಿಸುವುದಿಲ್ಲ: ಸಹಜ ಸವೆತ ಬಿಟ್ಟರೆ, ಪಡೆದ ಸ್ಥಿತಿಯಲ್ಲೇ ಹಿಂದಿರುಗಿಸತಕ್ಕದ್ದು.

ಈ ಖಾಲಿ ಜಾಗವನ್ನು ತುಂಬುವ ದೊಡ್ಡ ಪ್ರಯತ್ನ ನಡೆದದ್ದು ಬೊಂಬಾಯಿಯಲ್ಲಿ. ಗಿರಣಿಗಳ ಊರು, ಒಂದೊಂದು ಖೋಲಿಯಲ್ಲಿ ಒಂದೊಂದು ಸಂಸಾರ. ನಮ್ಮ ಕರಾವಳಿಯಿಂದ ಹೋಟೆಲ್ ಕೆಲಸಕ್ಕೆ ಹೋದವರಿಗೂ ಈ ಚಾಳುಗಳು ಅಪರಿಚಿತವಲ್ಲ. 1896ರ ಪ್ಲೇಗು ಗಾಳಿಬೆಳಕಿಲ್ಲದ ಆ ಖೋಲಿಗಳತ್ತ ಸರ್ಕಾರದ ಕಣ್ಣು ತಿರುಗಿಸಿತು, 1898ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು. ಆದರೆ ಟ್ರಸ್ಟಿಗೆ ಅದು ನಗರದ ಆರೋಗ್ಯದ ಪ್ರಶ್ನೆ. ಬಾಡಿಗೆ ಕೊಡುವವನ ಹಕ್ಕಿನ ಮಾತು ಕಾನೂನಿನ ಭಾಷೆಗೆ ಬಂದದ್ದು 1947ರ ಬೊಂಬಾಯಿ ಬಾಡಿಗೆ ಕಾಯ್ದೆಯಲ್ಲಿ. ಬಾಡಿಗೆದಾರ ಬೇರೆ ಒಪ್ಪಂದ ಮಾಡಿಕೊಳ್ಳದಿದ್ದರೆ, ಮನೆಯನ್ನು ವಾಸಯೋಗ್ಯವಾಗಿ ಇಡಲು ಮಾಲೀಕ ಬದ್ಧ ಎಂದು ಅದು ಬರೆಯಿತು.

ಆದರೆ ಅದೇ ಕಾಯ್ದೆ ಬಾಡಿಗೆಯನ್ನು 1940ರ ಸೆಪ್ಟೆಂಬರ್ 1ರ ಮಟ್ಟಕ್ಕೆ ಕಟ್ಟಿಹಾಕಿತ್ತು. ಯುದ್ಧಕಾಲದ ದುಬಾರಿಯಲ್ಲಿ ಬಡವರನ್ನು ಬೀದಿಗೆ ಬೀಳದಂತೆ ಉಳಿಸಿದ್ದು ಈ ಕಟ್ಟು, ಅದನ್ನು ಹಗುರಾಗಿ ಕಾಣಲಾರೆ. ಆದರೆ ವರ್ಷಗಳು ಉರುಳಿದಂತೆ ಸಿಮೆಂಟು, ಮರ, ಗಾರೆಯವನ ಕೂಲಿ ಏರಿದವು, ಬಾಡಿಗೆ ಅಲ್ಲೇ ಉಳಿಯಿತು. ಮಾಲೀಕ ರಿಪೇರಿಗೆ ಕೈಹಾಕಲಿಲ್ಲ, ಕಟ್ಟಡ ಬಿದ್ದರೆ ಜಾಗವಾದರೂ ಸಿಗುತ್ತದೆ ಎಂದು ಕಾದವರೂ ಇದ್ದರು. ಬಾಡಿಗೆದಾರ ತಾನೇ ಮಾಡಿಸಿ ಮುರಿದುಕೊಳ್ಳೋಣವೆಂದರೆ ಎಷ್ಟು ಮುರಿದುಕೊಳ್ಳುತ್ತಾನೆ? ಹಳೆಯ ಕಾಯ್ದೆಯ ಜಾಗಕ್ಕೆ ಬಂದ 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯಲ್ಲಿ ವರ್ಷಕ್ಕೆ ಮುರಿದುಕೊಳ್ಳಬಹುದಾದದ್ದು ಹೆಚ್ಚೆಂದರೆ ಆ ವರ್ಷದ ಬಾಡಿಗೆಯ ಕಾಲು ಭಾಗ. ತಿಂಗಳಿಗೆ 40 ರೂಪಾಯಿ ಬಾಡಿಗೆ ಅಂದುಕೊಳ್ಳಿ: ವರ್ಷಕ್ಕೆ 480, ಅದರ ಕಾಲು ಭಾಗ 120. ಅಷ್ಟರಲ್ಲಿ ಯಾವ ಛಾವಣಿಯ ಸೋರಿಕೆ ನಿಂತೀತು? ಹಕ್ಕು ಕಾಗದದ ಮೇಲಿತ್ತು, ಅದನ್ನು ನಡೆಸುವ ದುಡ್ಡು ಬಾಡಿಗೆಯಲ್ಲಿ ಇರಲಿಲ್ಲ.

ಕೊನೆಗೆ ಗಾರೆ ಕೆಲಸಕ್ಕೆ ಸರ್ಕಾರವೇ ಇಳಿಯಬೇಕಾಯಿತು. 1969ರ ಕಾಯ್ದೆಯೊಂದು ಬೊಂಬಾಯಿಯ ಹಳೆಯ ಕಟ್ಟಡಗಳ ಮೇಲೆ ರಿಪೇರಿ ಸೆಸ್ ಹಾಕಿ, ಆ ದುಡ್ಡಿನಲ್ಲಿ ದುರಸ್ತಿ ಮಾಡಿಸಲು ಒಂದು ಮಂಡಳಿಯನ್ನೇ ಕಟ್ಟಿತು. ಮುಂದೆ ಅದು ‘ಮ್ಹಾಡಾ’ದೊಳಗೆ ಸೇರಿತು. ಇಂದಿಗೂ ಮುಂಬೈಯಲ್ಲಿ ‘ಸೆಸ್ ಕಟ್ಟಡ’ ಎಂದರೆ ಒಂದು ಜಾತಿಯ ಕಟ್ಟಡವೇ. ಮರದ ತೊಲೆಗಳಿಗೆ ಊರುಗೋಲಿನಂತೆ ಕಂಬ ಕೊಟ್ಟು ನಿಲ್ಲಿಸಿದ ಅಂಥ ಮನೆಗಳು ಮಳೆಗಾಲದಲ್ಲಿ ಕುಸಿದ ಸುದ್ದಿ ಓದದ ವರ್ಷ ಅಪರೂಪ.

ಬೆಂಗಳೂರಿನ ದಾರಿ ಬೇರೆಯಾಯಿತು. ಕರ್ನಾಟಕದಲ್ಲಿ 1961ರ ಬಾಡಿಗೆ ನಿಯಂತ್ರಣ ಕಾಯ್ದೆ ಹೋಗಿ 1999ರದ್ದು ಬಂತು, ಜಾರಿಯಾದದ್ದು 2001ರ ಕೊನೆಯ ದಿನ. ಅದರಲ್ಲಿ ಒಂದು ಗೆರೆ ಎಳೆಯಲಾಯಿತು: ದೊಡ್ಡ ನಗರಗಳಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ಮೀರಿದರೆ ಈ ಕಾಯ್ದೆ ಅನ್ವಯಿಸದು, ಉಳಿದೆಡೆ ಗೆರೆ 2,000ಕ್ಕೆ. ಇವತ್ತು ಬೆಂಗಳೂರಿನಲ್ಲಿ ಆ ಬಾಡಿಗೆಗೆ ಮನೆ ಹುಡುಕಿ ನೋಡಿ. ಗೆರೆಯಾಚೆ ಬಿದ್ದ ಮಿಕ್ಕವರೆಲ್ಲ ಮರಳಿ ಸೇರಿದ್ದು 1882ಕ್ಕೆ, ಆ ‘ಬದ್ಧನಾಗಿರುವ’ ಪದದ ಹತ್ತಿರಕ್ಕೆ. ಜೊತೆಗೆ ಹನ್ನೊಂದು ತಿಂಗಳ ಲೆಕ್ಕ ಬೇರೆ: ವರ್ಷ ಮೀರಿದ ಗುತ್ತಿಗೆಯನ್ನು 1908ರ ಕಾಯ್ದೆಯಂತೆ ನೋಂದಾಯಿಸಬೇಕು, ಅದನ್ನು ತಪ್ಪಿಸಲು ಒಂದು ತಿಂಗಳು ಕಡಿಮೆ. ಬೊಂಬಾಯಿಯ ಬಾಡಿಗೆದಾರನನ್ನು ಏಳಿಸುವುದೇ ಕಷ್ಟವಿತ್ತು. ಇಲ್ಲಿ ನಲ್ಲಿಯ ಬಗ್ಗೆ ಎರಡು ಸಲ ತಕರಾರು ಹೇಳಿದವನ ಕರಾರು ಮುಂದಿನ ಹನ್ನೊಂದು ತಿಂಗಳಿಗೆ ನವೀಕರಣವಾಗದಿದ್ದರೆ ಕೇಳುವವರಿಲ್ಲ, ಮೇಲಾಗಿ ಅವನ ಅಡ್ವಾನ್ಸ್ ಅವರ ಕೈಯಲ್ಲೇ ಇದೆ.

2021ರ ಜೂನಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯ ಅನುಬಂಧದಲ್ಲಿ ಈ ಕೆಲಸಗಳನ್ನು ಹೆಸರಿಸಿ ಹಂಚಲಾಗಿದೆ. ಕಟ್ಟಡದ ರಿಪೇರಿ, ಸುಣ್ಣಬಣ್ಣ, ಪೈಪು, ವೈರಿಂಗ್ ಮಾಲೀಕರಿಗೆ. ನಲ್ಲಿಯ ವಾಷರ್, ಸ್ವಿಚ್ಚು, ಒಡೆದ ಗಾಜು, ಚರಂಡಿ ಸ್ವಚ್ಛತೆ ಬಾಡಿಗೆದಾರರಿಗೆ. ಸುಣ್ಣಬಣ್ಣ ಮಾಲೀಕರಿಗೆ ಎಂಬುದನ್ನು ಎರಡು ಸಲ ಓದಿದೆ. ಇದು ಮಾದರಿ ಮಾತ್ರ, ಜಾರಿ ಆಯಾ ರಾಜ್ಯಕ್ಕೆ ಬಿಟ್ಟದ್ದು.

ಕಳೆದ ವರ್ಷ ಮನೆ ಬದಲಿಸುವಾಗ, ಇಷ್ಟೆಲ್ಲ ಓದಿದ ಧೈರ್ಯದಲ್ಲಿ, ಛಾವಣಿ ಮತ್ತು ಪೈಪಿನ ರಿಪೇರಿ ಮಾಲೀಕರದ್ದು ಎಂದು ಕರಾರಿನಲ್ಲಿ ಒಂದು ಸಾಲು ಸೇರಿಸಲು ಕೇಳಿದೆ. ಓನರ್ ಆಂಟಿ ಕನ್ನಡಕ ಹಾಕಿಕೊಂಡು ಓದಿದರು. “ಇದನ್ನೆಲ್ಲ ಬರೀಬೇಕಾ? ಹೇಳಿದ್ರೆ ನಾವು ಮಾಡಿಸ್ಕೊಡಲ್ವಾ?” ಅಂದರು. ಬರೆದಿರಲಿ ಆಂಟಿ, ನೆನಪಿಗೆ ಅಂತ, ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಒಪ್ಪಿದರು. ಅದರ ಕೆಳಗೇ ಇನ್ನೊಂದು ಸಾಲು ಬರೆಸಿದರು: ಗೋಡೆಗೆ ಮೊಳೆ ಹೊಡೆಯತಕ್ಕದ್ದಲ್ಲ.